ಆವೇಶದಲ್ಲಿ ಬಂದ ಮಾತು ಎಲ್ಲಿಂದ ಬಂತು?

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ, ಅದರಲ್ಲೂ ತಾಯಂದಿರ ಪತ್ರಗಳಲ್ಲಿ, ಒಂದೇ ಆತಂಕ ಮತ್ತೆ ಮತ್ತೆ ಕಾಣುತ್ತಿದೆ. ಆಟಗಾರರು ಬಾಯಿಗೆ ಬಂದಂತೆ ಬೈಯುತ್ತಾರೆ, ಮಾರನೆಯ ದಿನ ಕ್ಷಮೆ ಕೇಳುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಆಡಲು ಬರುತ್ತಾರೆ. ಮಗ ಇದನ್ನೆಲ್ಲ ನೋಡಿಕೊಂಡೇ ಬೆಳೆಯುತ್ತಿದ್ದಾನೆ. ಆ ಕ್ಷಮೆಯನ್ನು ನಂಬಬಹುದೇ, ಇಲ್ಲ ಮಗನನ್ನು ಆಟದಿಂದಲೇ ಬಿಡಿಸಬೇಕೇ? ಎರಡನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಬಿಡಿಸಬೇಡಿ. ಮೊದಲನೆಯದಕ್ಕೆ ಸ್ವಲ್ಪ ಹೊತ್ತು ಬೇಕು.

2019ರ ಮೊದಲ ಆರು ವಾರಗಳನ್ನು ನೆನಪಿಸಿಕೊಳ್ಳಿ. ಜನವರಿ ಮೊದಲ ವಾರದಲ್ಲಿ ಟಿ.ವಿ.ಯ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಕೂತು ಮಾತಾಡಿದರು. ಹೆಣ್ಣುಮಕ್ಕಳ ಬಗ್ಗೆ ಪಾಂಡ್ಯ ಆಡಿದ ಮಾತುಗಳು ಮನೆಮಂದಿಯ ಎದುರು ಕೇಳುವಂಥವಾಗಿರಲಿಲ್ಲ. ತಂಡದ ಜೊತೆ ಪ್ರವಾಸದಲ್ಲಿದ್ದ ಇಬ್ಬರನ್ನೂ ಆಸ್ಟ್ರೇಲಿಯಾದಿಂದ ವಾಪಸು ಕಳಿಸಿದರು, ಅಮಾನತು ಮಾಡಿದರು. ಏಪ್ರಿಲ್‌ನಲ್ಲಿ ಕ್ರಿಕೆಟ್ ಮಂಡಳಿಯ ಓಂಬುಡ್ಸ್‌ಮನ್, ನ್ಯಾಯಮೂರ್ತಿ ಡಿ.ಕೆ. ಜೈನ್, ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ ಅರ್ಧ ಕರ್ತವ್ಯದಲ್ಲಿ ಜೀವ ತೆತ್ತ 10 ಅರೆಸೇನಾ ಪೇದೆಗಳ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ.

ಅದೇ ಜನವರಿ 22ರಂದು ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ವಿಕೆಟ್ ಹಿಂದೆ ನಿಂತು ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಅವರ ಮೈಬಣ್ಣ ಹಿಡಿದು ಬೈದರು. ಪಂದ್ಯ ಕೈತಪ್ಪುತ್ತಿತ್ತು. ಉರ್ದುವಿನಲ್ಲಿ ಆಡಿದ ಮಾತು ಸ್ಟಂಪ್ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಾಲ್ಕು ಪಂದ್ಯಗಳ ನಿಷೇಧವಾಯಿತು.

ಫೆಬ್ರುವರಿಯಲ್ಲಿ ಸೇಂಟ್ ಲೂಸಿಯಾ ಟೆಸ್ಟ್. ವೆಸ್ಟ್ ಇಂಡೀಸ್‌ನ ವೇಗಿ ಶ್ಯಾನನ್ ಗೇಬ್ರಿಯಲ್ ಇಂಗ್ಲೆಂಡ್ ನಾಯಕ ಜೋ ರೂಟ್ ಅವರಿಗೆ ಸಲಿಂಗಿಗಳನ್ನು ಹೀಯಾಳಿಸುವಂಥ ಏನನ್ನೋ ಹೇಳಿದರು. ಮೈಕಿಗೆ ಸಿಕ್ಕಿದ್ದು ರೂಟ್ ಕೊಟ್ಟ ಉತ್ತರ ಮಾತ್ರ. ಅದನ್ನು ಬೈಗುಳವಾಗಿ ಬಳಸಬೇಡ, ಸಲಿಂಗಿಯಾಗಿರುವುದರಲ್ಲಿ ತಪ್ಪೇನೂ ಇಲ್ಲ ಎಂದಿದ್ದರು. ಗೇಬ್ರಿಯಲ್ ತಪ್ಪೊಪ್ಪಿಕೊಂಡರು, ನಾಲ್ಕು ಏಕದಿನ ಪಂದ್ಯ ಕಳೆದುಕೊಂಡರು, ಕ್ಷಮೆ ಕೇಳಿದರು.

ಈ ಮೂವರೂ ಕೊಟ್ಟ ಕಾರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಾಂಡ್ಯ ಅವರು ಕಾರ್ಯಕ್ರಮದ ಧಾಟಿಯಲ್ಲಿ ತೇಲಿಹೋದೆ ಎಂದರು. ಸರ್ಫರಾಜ್ ತಮ್ಮದು ಹತಾಶೆಯ ಮಾತು ಎಂದರು. ಗೇಬ್ರಿಯಲ್ ಪಂದ್ಯದ ಒತ್ತಡವನ್ನು ಮುಂದಿಟ್ಟರು. ಇವರ ಜೊತೆಗೆ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎನ್ಜೊ ಫೆರ್ನಾಂಡಿಸ್ ಅವರನ್ನೂ ಸೇರಿಸಿ. 2024ರ ಜುಲೈನಲ್ಲಿ ಕೋಪಾ ಅಮೆರಿಕಾ ಗೆದ್ದ ಮೇಲೆ ತಂಡದ ಬಸ್ಸಿನಲ್ಲಿ, ಫ್ರಾನ್ಸ್ ತಂಡದ ಆಫ್ರಿಕನ್ ಮೂಲದ ಆಟಗಾರರನ್ನು ಹೀಯಾಳಿಸುವ ಹಾಡು ಹೇಳುತ್ತಿದ್ದ ವಿಡಿಯೊ ಅವರದು. ಅವರು ಕೊಟ್ಟ ಕಾರಣ ಗೆಲುವಿನ ಸಂಭ್ರಮ. ನಗೆ, ಹತಾಶೆ, ಒತ್ತಡ, ಸಂಭ್ರಮ ಎಂದು ಮನುಷ್ಯನ ಎಲ್ಲ ಭಾವಗಳೂ ಆರೋಪಿಯಾಗಿ ನಿಂತುಬಿಟ್ಟವಲ್ಲ! ಸೋತರೂ ಅದೇ ಮಾತು, ಗೆದ್ದರೂ ಅದೇ ಮಾತು ಬರುತ್ತದೆಂದರೆ ತಪ್ಪು ಆ ಭಾವದ್ದಾಗಿರಲು ಸಾಧ್ಯವಿಲ್ಲ.

ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ಆವೇಶ ಹೊಸ ಮಾತನ್ನು ಹುಟ್ಟಿಸುವುದಿಲ್ಲ. ನಾಲಿಗೆಗೆ ಈಗಾಗಲೇ ರೂಢಿಯಾದದ್ದನ್ನು ಅದು ಹೊರಗೆ ತಳ್ಳುತ್ತದೆ, ಅಷ್ಟೆ. ಮನೆಯಲ್ಲಿ ಇದ್ದಕ್ಕಿದ್ದಂತೆ ಕರೆಂಟು ಹೋದಾಗ ನಿಮ್ಮ ಕೈ ದಿನವೂ ಬೆಂಕಿಪೊಟ್ಟಣ ಇಡುವ ಜಾಗಕ್ಕೇ ಹೋಗುತ್ತದೆ, ನಾಲಿಗೆಯೂ ಹಾಗೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1965ರಲ್ಲಿ ಬರೆದ ಹೆಸರಾಂತ ಲೇಖನವೊಂದಿದೆ. ಸುತ್ತ ಜನ ಇದ್ದಾಗ ದೇಹ ಉದ್ವೇಗಗೊಳ್ಳುತ್ತದೆ, ಉದ್ವೇಗಗೊಂಡಾಗ ಚೆನ್ನಾಗಿ ರೂಢಿಯಾದ ಕ್ರಿಯೆಯೇ ಮೊದಲು ಹೊರಬರುತ್ತದೆ, ಹೊಸದಾಗಿ ಕಲಿಯುತ್ತಿರುವುದು ಹಿಂದೆ ಸರಿಯುತ್ತದೆ ಎಂಬುದು ಅದರ ಸಾರ. ಕ್ರೀಡಾ ತರಬೇತಿಯಲ್ಲಿ ಇದನ್ನು ನಾವು ದಿನವೂ ಕಾಣುತ್ತೇವೆ. ಒಂದೇ ಹೊಡೆತವನ್ನು ನೂರಾರು ಸಲ ಆಡಿಸುವುದೇ ಕೊನೆಯ ಓವರಿನಲ್ಲಿ ಅದು ಯೋಚಿಸದೆ ಬರಲಿ ಎಂದು. ಹೊಡೆತಕ್ಕೆ ಒಂದು ನಿಯಮ, ಮಾತಿಗೆ ಇನ್ನೊಂದು ನಿಯಮ ಇಲ್ಲ.

ಬೈಗುಳದ ವಿಷಯದಲ್ಲಂತೂ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಲಕ್ವ ಹೊಡೆದು ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತುಹೋದವರನ್ನು ನೀವು ನೋಡಿರಬಹುದು. ಒಂದು ಲೋಟ ನೀರು ಬೇಕು ಎಂದು ಹೇಳಲಾಗದವರಲ್ಲಿ ಕೆಲವರು ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ದೇವರ ನಾಮದ ಸಾಲು ಹಾಡುತ್ತಾರೆ, ಸಿಟ್ಟು ಬಂದರೆ ಸ್ಪಷ್ಟವಾಗಿ ಬೈಯುತ್ತಾರೆ. ಮನೆಯವರು ನಾಚಿಕೊಳ್ಳುತ್ತಾರೆ, ನಾಚಿಕೊಳ್ಳಬೇಕಿಲ್ಲ. ಯೋಚಿಸಿ ಕಟ್ಟುವ ವಾಕ್ಯಕ್ಕೆ ಮಿದುಳಿನಲ್ಲಿ ಒಂದು ದಾರಿ, ಬಾಯಿಪಾಠವಾದ ಮಾತಿಗೆ ಬೇರೆ ದಾರಿ. ಬೈಗುಳ ಆ ಬಾಯಿಪಾಠದ ಗುಂಪಿಗೆ ಸೇರಿದ್ದು. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಪಂದ್ಯದ ದಿನ ಬಂದ ಮಾತು ಪಂದ್ಯದ ದಿನ ಹುಟ್ಟಿದ್ದಲ್ಲ. ಅದು ಬಾಯಿಪಾಠವಾದದ್ದು ನೆಟ್ಸ್‌ನಲ್ಲಿ, ಡ್ರೆಸ್ಸಿಂಗ್ ರೂಮಿನಲ್ಲಿ, ಸ್ನೇಹಿತರ ನಡುವೆ, ಕೆಲವೊಮ್ಮೆ ಮನೆಯಲ್ಲಿ.

ಇದಕ್ಕೆ ಸಾಕ್ಷಿ ಬೇಕಾದರೆ ಮತ್ತೆ ಸೇಂಟ್ ಲೂಸಿಯಾಕ್ಕೆ ಬನ್ನಿ. ಒತ್ತಡ ಗೇಬ್ರಿಯಲ್ ಒಬ್ಬರಿಗೇ ಇತ್ತೇ? ರೂಟ್ ಅದೇ ಬಿಸಿಲಲ್ಲಿದ್ದರು, ಎದುರಿಗೆ ವೇಗದ ಬೌಲರ್, ಹಿಂದೆ ಎರಡು ಟೆಸ್ಟ್ ಸೋತ ತಂಡದ ಭಾರ. ಅವರಿಗೂ ಯೋಚಿಸಲು ಸಮಯ ಇರಲಿಲ್ಲ. ಆ ಕ್ಷಣದಲ್ಲಿ ಅವರ ಬಾಯಲ್ಲಿ ಬಂದ ವಾಕ್ಯ ಯಾವುದೆಂದು ಈಗಷ್ಟೇ ಕೇಳಿದಿರಿ. ಅದೂ ರೂಢಿಯೇ.

ನಾನು ವರ್ಷಗಟ್ಟಲೆ ಶಾಲಾ ಮಕ್ಕಳಿಗೆ ಕಬಡ್ಡಿ, ಕ್ರಿಕೆಟ್ ಆಡಿಸಿದವನು. ಅಂಕಣದಲ್ಲಿ ಕೆಟ್ಟದಾಗಿ ಬೈದು ಹೊರಗೆ ಕಳಿಸಿಕೊಂಡ ಹುಡುಗರನ್ನು ವಿಚಾರಿಸಿದಾಗಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: “ಸಾರ್, ಗೊತ್ತಿಲ್ದಂಗೆ ಬಂದ್ಬಿಡ್ತು.” ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅಭ್ಯಾಸದ ಹೊತ್ತಿನಲ್ಲಿ ಕಿವಿಗೊಟ್ಟರೆ, ಕ್ಯಾಚ್ ಬಿಟ್ಟವನಿಗೆ ಜೊತೆಗಾರರು ಅದೇ ಮಾತನ್ನು ನಗುನಗುತ್ತ ಅನ್ನುತ್ತಿದ್ದರು. ಒಂದು ತಾಲ್ಲೂಕಿನ ಕೂಟದಲ್ಲಿ ಒಬ್ಬ ಕೋಚ್ ತನ್ನ ಹುಡುಗರ ಅಮ್ಮಂದಿರನ್ನೆಲ್ಲ ಎಳೆದು ಬೈಯುತ್ತಿದ್ದ. ಸಂಜೆ ಅವನ ತಂಡದ ಹುಡುಗ ಅಂಪೈರ್‌ಗೆ ಅದನ್ನೇ ಅಂದಾಗ, ಆ ಹುಡುಗನ ಕಪಾಳಕ್ಕೆ ಹೊಡೆದವನೂ ಅದೇ ಕೋಚ್. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಇನ್ನು, ಬೈಗುಳ ಇಲ್ಲದಿದ್ದರೆ ಆಟದಲ್ಲಿ ಕಿಚ್ಚು ಬರುವುದಿಲ್ಲ ಎನ್ನುವ ನಂಬಿಕೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಇದರಲ್ಲಿ ಒಂದು ಎಳೆ ನಿಜ ಇದೆ, ಒಪ್ಪುತ್ತೇನೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರೆಯುವ ನೀರಿನಲ್ಲಿ ಕೈಯಿಟ್ಟವರು ಬೈಗುಳ ಉಚ್ಚರಿಸುತ್ತಿದ್ದಾಗ ಹೆಚ್ಚು ಹೊತ್ತು ತಡೆದುಕೊಂಡರು. ಆದರೆ ಅವರು ಯಾರನ್ನೂ ಬೈಯುತ್ತಿರಲಿಲ್ಲ, ಆ ಮಾತು ತಮ್ಮ ನೋವಿಗೆ ತಾವೇ ಹೇಳಿಕೊಂಡದ್ದು. ಔಟಾದ ಹುಡುಗ ತನ್ನನ್ನೇ ಶಪಿಸಿಕೊಳ್ಳುವುದಕ್ಕೂ ಎದುರಿನವನ ಬಣ್ಣ, ಜಾತಿ, ತಾಯಿಯನ್ನು ಎಳೆದು ತರುವುದಕ್ಕೂ ಅಜಗಜಾಂತರ. ಮೊದಲನೆಯದನ್ನು ಕಂಡು ಮನೆ ತಲೆಕೆಳಗು ಮಾಡಬೇಡಿ. ಕಿಚ್ಚಿನ ಮಾತಿಗೆ ಬಂದರೆ, 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದುಕೊಂಡು, ತಲೆಗೂ ಗಲ್ಲಕ್ಕೂ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ವೆಸ್ಟ್ ಇಂಡೀಸ್‌ನ ಲಾರಾ ಅವರನ್ನು ಔಟ್ ಮಾಡಿದ ಅನಿಲ್ ಕುಂಬ್ಳೆ ಅವರಿಗಿಂತ ಹೆಚ್ಚಿನ ಕಿಚ್ಚು ಯಾರಲ್ಲಿತ್ತು?

ಇದಕ್ಕಿಂತ ಅಪಾಯದ ನಂಬಿಕೆ, ಬೈಗುಳ ಬರೀ ತಮಾಷೆ ಎನ್ನುವುದು. 2020ರಲ್ಲಿ ಯುವರಾಜ್ ಸಿಂಗ್ ಅವರು ರೋಹಿತ್ ಶರ್ಮಾ ಜೊತೆ ಇನ್‌ಸ್ಟಾಗ್ರಾಂ ನೇರಪ್ರಸಾರದಲ್ಲಿ ಹರಟುತ್ತ, ಯಜುವೇಂದ್ರ ಚಾಹಲ್ ಅವರ ಬಗ್ಗೆ ಒಂದು ಜಾತಿಯ ಹೆಸರನ್ನು ಹೀಯಾಳಿಕೆಯಾಗಿ ಬಳಸಿದರು. ಅಲ್ಲಿ ಕೋಪದ ಸುಳಿವೂ ಇರಲಿಲ್ಲ. ಜೂನ್‌ನಲ್ಲಿ ಅವರು ಕೊಟ್ಟ ಹೇಳಿಕೆಯಲ್ಲಿ, ತಮ್ಮನ್ನು ತಪ್ಪಾಗಿ ತಿಳಿಯಲಾಯಿತು, ಆದರೂ ಅರಿಯದೆ ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ ವಿಷಾದಿಸುತ್ತೇನೆ ಎಂದರು. ಮರುವರ್ಷ ಹರಿಯಾಣದ ಹಾಂಸಿಯಲ್ಲಿ ಪ್ರಕರಣ ದಾಖಲಾಯಿತು. ನಮ್ಮ ಬೀದಿಗಳಲ್ಲೂ ಜಾತಿಯ ಹೆಸರುಗಳು ಬೈಗುಳವಾಗಿ ಓಡಾಡುತ್ತಿವೆ, ಅಂಗವೈಕಲ್ಯದ ಹೆಸರುಗಳೂ. ಮಕ್ಕಳು ಅವನ್ನು ಅರ್ಥ ತಿಳಿಯದೆ ಕಲಿಯುತ್ತಾರೆ. ಯಾರ ಜಾತಿಯ ಹೆಸರು ಅದೋ ಆ ಮಗು ಪಕ್ಕದಲ್ಲೇ ಫೀಲ್ಡಿಂಗ್ ಮಾಡುತ್ತಿರುತ್ತದೆ, ಅದಕ್ಕೆ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ಈ ಮಾತು ಹೇಳಲೇಬೇಕೆಂದು ನಾನು ಇವತ್ತು ಬಂದದ್ದು.

ಸಮಯ ಮೀರುತ್ತಿದೆ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ಷಮೆಯನ್ನು ನಂಬಬಹುದೇ? ಸರ್ಫರಾಜ್ ಅವರ ವಿಷಯದಲ್ಲೇ ಎರಡು ಬಗೆಯ ಕ್ಷಮೆ ಇದೆ. ಮೊದಲು ಟ್ವಿಟರ್‌ನಲ್ಲಿ ಬರೆದದ್ದು: ದುರದೃಷ್ಟವಶಾತ್ ಮೈಕಿಗೆ ಸಿಕ್ಕ ನನ್ನ ಹತಾಶೆಯ ಮಾತಿನಿಂದ ನೊಂದಿರಬಹುದಾದವರ ಕ್ಷಮೆ ಕೇಳುತ್ತೇನೆ, ನಾನು ನಿರ್ದಿಷ್ಟವಾಗಿ ಯಾರನ್ನೂ ಉದ್ದೇಶಿಸಿರಲಿಲ್ಲ, ಎಂಬ ಧಾಟಿಯದು. ಅದರಲ್ಲಿ ನೊಂದವನ ಹೆಸರೇ ಇಲ್ಲ, ತಪ್ಪು ಮೈಕಿನದು ಎನ್ನುವಂತಿದೆ. ಪಂದ್ಯವಾದ ಮೂರು ದಿನದ ಮೇಲೆ ಅವರು ಫೆಹ್ಲುಕ್ವಾಯೊ ಅವರನ್ನು ಹುಡುಕಿಕೊಂಡು ಹೋಗಿ ಕೈಹಿಡಿದು ಕ್ಷಮೆ ಕೇಳಿದರು, ಅವರು ಒಪ್ಪಿದರು. ನನಗೆ ಎರಡನೆಯದು ಕ್ಷಮೆ, ಮೊದಲನೆಯದು ಹೇಳಿಕೆ. ಆಸ್ಟ್ರೇಲಿಯಾದ ಮಾರ್ಕಸ್ ಸ್ಟೋಯ್ನಿಸ್ 2020ರ ಜನವರಿಯಲ್ಲಿ ಕೇನ್ ರಿಚರ್ಡ್‌ಸನ್ ಅವರನ್ನು ಹೀಯಾಳಿಸಿ 7,500 ಡಾಲರ್ ದಂಡ ತೆತ್ತರು. ಅವರೂ ಆ ಕ್ಷಣದ ಆವೇಶವೆಂದೇ ಹೇಳಿದರು. ಆದರೆ ತಪ್ಪೆಂದು ತಕ್ಷಣ ಗೊತ್ತಾಯಿತು ಎಂದು ಒಪ್ಪಿ, ರಿಚರ್ಡ್‌ಸನ್ ಹೆಸರು ಹೇಳಿ, ಅಂಪೈರ್‌ಗಳ ಕ್ಷಮೆಯನ್ನೂ ಕೇಳಿದರು.

ಹೆಸರು ಹಿಡಿದು, ಎದುರು ನಿಂತು ಕೇಳಿದ ಕ್ಷಮೆಯನ್ನು ಗೌರವಿಸಿ. ಅದಕ್ಕಿಂತ ಹೆಚ್ಚಿನದನ್ನು ಮುಂದಿನ ನಡತೆ ಹೇಳಬೇಕು. ರಾಹುಲ್ ಅಮಾನತು ತೆರವಾದ ಮೇಲೆ ಭಾರತ ‘ಎ’ ತಂಡಕ್ಕೆ ಹೋಗಿ ಅದರ ಕೋಚ್ ದ್ರಾವಿಡ್ ಅವರ ಕೈಕೆಳಗೆ ಆಡಿದರು. ಶಾಲೆಯಲ್ಲೂ ತಮ್ಮನ್ನು ಹೀಗೆ ಹೊರಹಾಕಿರಲಿಲ್ಲ, ಆ ಟಿ.ವಿ. ಸಂದರ್ಶನ ತಮ್ಮನ್ನು ಬದಲಿಸಿತು ಎಂದು 2024ರಲ್ಲಿ ಹೇಳಿಕೊಂಡರು. ನಾನು ಅದನ್ನು ನಂಬುತ್ತೇನೆ.

ಮಕ್ಕಳ ವಿಷಯದಲ್ಲಿ ಬೇಗ ಬೇಗ ಹೇಳಿಬಿಡುತ್ತೇನೆ. ತಿದ್ದುವುದಿದ್ದರೆ ಅಭ್ಯಾಸದ ಹೊತ್ತಿನಲ್ಲಿ ತಿದ್ದಿ, ಪಂದ್ಯದ ದಿನ ತಡವಾಗಿರುತ್ತದೆ. “ಬೈಬೇಡ” ಎಂದಷ್ಟೇ ಹೇಳಿದರೆ ನಾಲಿಗೆ ಖಾಲಿ ಇರುತ್ತದೆ. ಸಿಟ್ಟು ಬಂದಾಗ ಹೇಳಲು ಬೇರೊಂದು ಮಾತು ಕೊಡಿ, ಅದನ್ನು ರೂಢಿ ಮಾಡಿಸಿ. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ನಿಲ್ಲಿಸಬೇಡಿ, ಯಾರಿಗೆ ಬೈದಿತೋ ಅವರ ಹತ್ತಿರ ಕರೆದುಕೊಂಡು ಹೋಗಿ. ತಂದೆಯಂದಿರೇ, ಟಿ.ವಿ. ಮುಂದೆ ಕೂತು ಕ್ಯಾಚ್ ಬಿಟ್ಟವನಿಗೆ ನೀವು ಏನು ಅನ್ನುತ್ತೀರಿ ಎಂಬುದೂ ಒಂದು ಅಭ್ಯಾಸವೇ. ಕೋಚ್‌ಗಳಲ್ಲಿ ನನ್ನ ವಿನಂತಿ ಇಷ್ಟೆ: ನಾಳೆ ಸಂಜೆ ನೆಟ್ಸ್‌ಗೆ ಹೋದಾಗ ಸ್ವಲ್ಪ ಹೊತ್ತು ಬ್ಯಾಟು, ಚೆಂಡು ನೋಡುವುದನ್ನು ಬಿಟ್ಟು ಹುಡುಗರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ.