ತಗಡಿನ ಮೇಲಿನ ಮುಖ

ಕೈಯಲ್ಲಿರುವ ಫೋನು ಕ್ಷಣಕ್ಕೊಂದು ಚಿತ್ರ ತೆಗೆಯುವ ಈ ಕಾಲದಲ್ಲಿ ಅಮೆರಿಕ, ಯುರೋಪುಗಳ ಕೆಲವು ಸ್ಟುಡಿಯೋಗಳಿಗೆ ಜನ ಹುಡುಕಿಕೊಂಡು ಹೋಗಿ, ತಲೆ ಅಲುಗದಂತೆ ಹಿಂದೆ ಆನಿಕೆ ಇಟ್ಟುಕೊಂಡು, ಲೋಹದ ತಗಡಿನ ಮೇಲೆ ಮೂಡುವ ಟಿನ್‌ಟೈಪ್ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಏಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಹಳೆಯ ವಿಧಾನ ಮನುಷ್ಯನ ನಿಜವಾದ ಮುಖವನ್ನು ಹಿಡಿಯುತ್ತದೆ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಮುಖದ ಹೋಲಿಕೆಯ ಮಟ್ಟಿಗೆ ಟಿನ್‌ಟೈಪ್ ನಂಬತಕ್ಕ ಸಾಕ್ಷಿಯೇ ಅಲ್ಲ. ಅದರ ಬೆಲೆಯೆಲ್ಲ ಇರುವುದು, ಆ ತಗಡು ಕೂತವರ ಎದುರಿಗೇ ಇತ್ತು ಎಂಬುದರಲ್ಲಿ.

ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ವಿಧಾನವನ್ನು 1851ರಲ್ಲಿ ಪ್ರಕಟಿಸಿದ. ಅದನ್ನು ಲೋಹದ ಮೇಲೆ ತಂದವನು ಫ್ರಾನ್ಸಿನ ಅಡಾಲ್ಫ್ ಮಾರ್ಟಿನ್, 1853ರಲ್ಲಿ. ಅಮೆರಿಕದ ಓಹಾಯೋದ ಹ್ಯಾಮಿಲ್ಟನ್ ಸ್ಮಿತ್ 1856ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕಪ್ಪು ಬಳಿದ ತೆಳು ಕಬ್ಬಿಣದ ತಗಡಿನ ಮೇಲೆ ಈಥರ್, ಆಲ್ಕೋಹಾಲ್ ವಾಸನೆಯ ಅಂಟು ಕೊಲೋಡಿಯನ್ ಸುರಿದು, ತಗಡನ್ನು ಅತ್ತಿತ್ತ ವಾಲಿಸಿ ಹರಡುತ್ತಾರೆ. ಹೆಚ್ಚಾದದ್ದನ್ನು ಮೂಲೆಯಿಂದ ಬಾಟಲಿಗೆ ಬಸಿಯುತ್ತಾರೆ. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿದರೆ ಬೆಳಕಿಗೆ ಸ್ಪಂದಿಸುವ ಗುಣ ಬರುತ್ತದೆ. ಹಸಿ ಆರುವುದರೊಳಗೆ ಚಿತ್ರ ತೆಗೆದು, ಫೆರಸ್ ಸಲ್ಫೇಟ್ ಹುಯ್ದು ಡೆವಲಪ್ ಮಾಡಿ, ತೊಳೆದು, ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್‌ಗೆ ಹಾಕಬೇಕು. ಫಿಕ್ಸರ್‌ನಲ್ಲಿ ಆಗುವುದು ನೋಡತಕ್ಕದ್ದು. ನೀಲಿಮಿಶ್ರಿತ ಮಬ್ಬು ಪದರ ಕರಗುತ್ತ ಬಂದ ಹಾಗೆ, ನೆಗೆಟಿವ್‌ನಂತಿದ್ದ ಮುಖ ಕಣ್ಣೆದುರೇ ಮಗುಚಿ ಪಾಸಿಟಿವ್ ಆಗುತ್ತದೆ. ಬೆಳಕು ಬಿದ್ದಲ್ಲಿ ಬೆಳ್ಳಿ ಕೂತು ಬೂದುಬಿಳುಪಾಗುತ್ತದೆ. ಬೀಳದಲ್ಲಿ ತಗಡಿನ ಕಪ್ಪೇ ನೆರಳು.

ಈ ಮುಖದಲ್ಲಿ ಎಡ ಬಲವಾಗಿರುತ್ತದೆ, ಬಲ ಎಡವಾಗಿರುತ್ತದೆ. ಬಿಲ್ಲಿ ದಿ ಕಿಡ್ ಎಂಬ ಬಂದೂಕುಗಾರನ ಟಿನ್‌ಟೈಪ್, 1880ರ ಸುಮಾರಿಗೆ ನ್ಯೂ ಮೆಕ್ಸಿಕೋದಲ್ಲಿ ತೆಗೆದದ್ದು, ಪಿಸ್ತೂಲನ್ನು ಎಡ ಸೊಂಟದಲ್ಲಿ ತೋರಿಸುತ್ತದೆ. ಅದನ್ನು ನಂಬಿ ಅವನನ್ನು ಎಡಚನೆಂದರು. 1958ರಲ್ಲಿ ‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ಎಂಬ ಸಿನಿಮಾವೂ ಬಂತು. ಆದರೆ ಅದೇ ಟಿನ್‌ಟೈಪ್‌ನಲ್ಲಿ ವಿಂಚೆಸ್ಟರ್ ಬಂದೂಕಿನ ಗುಂಡು ತುಂಬುವ ಕಿಂಡಿ ಎಡಕ್ಕಿದೆ. ಆ ಮಾದರಿಯಲ್ಲಿ ಅದು ಬಲಕ್ಕಿರಬೇಕು. ಅಷ್ಟು ಗಮನಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಣ್ಣದ ವಿಷಯ ಇನ್ನೂ ಗಂಭೀರ. ಕೊಲೋಡಿಯನ್ ಸ್ಪಂದಿಸುವುದು ಮುಖ್ಯವಾಗಿ ನೀಲಿ ಮತ್ತು ನೇರಳಾತೀತ ಬೆಳಕಿಗೆ. ಕೆಂಪಿಗೆ ಅದು ಕುರುಡು. ಹಾಗಾಗಿ ನೀಲಿ ಕಣ್ಣು ಬಿಳಿಚುತ್ತದೆ, ಕಂದು ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ನ್ಯೂಜಿಲೆಂಡಿನ ಛಾಯಾಗ್ರಾಹಕ ಮೈಕೆಲ್ ಬ್ರಾಡ್ಲಿ ‘ಪುವಾಕಿ’ ಎಂಬ ಯೋಜನೆಯಲ್ಲಿ ಅಲ್ಲಿನ ಮೂಲನಿವಾಸಿ ಮಾವೋರಿಗಳ ಮುಖಗಳನ್ನು ಹಸಿ ಕೊಲೋಡಿಯನ್‌ನಲ್ಲೂ ಡಿಜಿಟಲ್‌ನಲ್ಲೂ ತೆಗೆದು ಜೊತೆಗಿಟ್ಟರು. ಡಿಜಿಟಲ್‌ನಲ್ಲಿ ಎದ್ದು ಕಾಣುವ ಟಾ ಮೋಕೊ ಹಚ್ಚೆ ಕೊಲೋಡಿಯನ್‌ನಲ್ಲಿ ಮಾಯ. ವಂಶಾವಳಿಯನ್ನೇ ಹೇಳುವ ಗುರುತು ಅದು. ಅದನ್ನು ಅಳಿಸಿಹಾಕುವ ವಿಧಾನವನ್ನು ನಿಜಮುಖದ ಸಾಧನವೆಂದು ಹೊಗಳುವುದು ಆ ಜನರಿಗೆ ಮಾಡುವ ಅನ್ಯಾಯ.

ಹಾಗಾದರೆ ಉಳಿಯುವುದೇನು? ತಗಡು ಉಳಿಯುತ್ತದೆ. ಇಲ್ಲಿ ನೆಗೆಟಿವ್ ಇಲ್ಲ, ಕ್ಯಾಮೆರಾದೊಳಗಿದ್ದದ್ದೇ ಕೈಗೆ ಬರುತ್ತದೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಟಿನ್‌ಟೈಪ್‌ಗಳನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಿದ್ದರು, ಗಾಜಿನಂತೆ ಅದು ಒಡೆಯುತ್ತಿರಲಿಲ್ಲ. ಮಗನ ಮೈಮೇಲಿಂದ ಹೊರಟ ಬೆಳಕು ಬಿದ್ದ ಅದೇ ತುಂಡು ತಾಯಿಯ ಕೈ ಸೇರುತ್ತಿತ್ತು. ಫೋನಿನ ಫಿಲ್ಟರ್ ಇದೇ ಕಲೆ, ಇದೇ ಮಬ್ಬು ತರಬಲ್ಲದಲ್ಲ ಎನ್ನುವವರಿದ್ದಾರೆ. ತರಬಲ್ಲದು, ನಿಜ. ಆದರೆ ಅದು ಕೊಡುವುದು ನೋಟವನ್ನು, ನಾನು ಹೇಳುತ್ತಿರುವುದು ವಸ್ತುವಿನ ಮಾತು. ತಗಡು ಎದುರಿಗಿತ್ತು ಎಂದ ಮಾತ್ರಕ್ಕೆ ಏನು ಸಾಬೀತಾಯಿತು ಎಂಬ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಒಂದು ಟಿನ್‌ಟೈಪ್‌ನಲ್ಲಿ ಅದೇ ಅಂತರ್ಯುದ್ಧದ ದಕ್ಷಿಣದ ಪಡೆಯ ಬಿಳಿಯ ಸೈನಿಕ ಆಂಡ್ರ್ಯೂ ಚಾಂಡ್ಲರ್, ಪಕ್ಕದಲ್ಲಿ ಕಪ್ಪುವರ್ಣೀಯ ಸೈಲಸ್ ಚಾಂಡ್ಲರ್, ಇಬ್ಬರೂ ಆಯುಧ ಹಿಡಿದು ಕೂತಿದ್ದಾರೆ. ಕಪ್ಪು ಜನರೂ ದಕ್ಷಿಣಕ್ಕಾಗಿ ಸೈನಿಕರಾಗಿ ಕಾದಿದರು ಎನ್ನಲು ಇದನ್ನು ಎತ್ತಿ ತೋರಿಸಿದವರುಂಟು. ಆದರೆ ಸೈಲಸ್ ಆಂಡ್ರ್ಯೂವಿನ ಮನೆತನದ ಗುಲಾಮ. ಇಬ್ಬರೂ ಒಂದು ದಿನ ಒಟ್ಟಿಗೆ ಕೂತರು ಎಂಬಷ್ಟನ್ನು ತಗಡು ಹೇಳುತ್ತದೆ. ಯಾರ ಇಚ್ಛೆಯಿಂದ ಎಂಬುದನ್ನು ದಾಖಲೆಗಳಲ್ಲಿ ಹುಡುಕಬೇಕು. ಸಾಕ್ಷಿಯ ಮಿತಿ ತಿಳಿದರೇನೇ ಸಾಕ್ಷಿಗೆ ಮರ್ಯಾದೆ.

ಇಂದಿನ ಟಿನ್‌ಟೈಪ್ ದುಬಾರಿ ಎಂಬ ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕಲಾರೆ. ಟಿನ್‌ಟೈಪ್ ಹುಟ್ಟಿದ್ದು, ಬೆಳೆದದ್ದು ಬಡವರ ಚಿತ್ರವಾಗಿ. ಹಲವು ಲೆನ್ಸುಗಳ ಕ್ಯಾಮೆರಾದಲ್ಲಿ ಒಂದೇ ತಗಡಿಗೆ ಹಲವು ಚಿತ್ರ ಬೀಳಿಸಿ, ಕತ್ತರಿಸಿ, ಕೆಲವೇ ಸೆಂಟುಗಳಿಗೆ ಮಾರುತ್ತಿದ್ದರು. ಆ ತುಂಡುಗಳೂ ಒಂದೊಂದೂ ಕೂತವರ ಎದುರಿಗಿದ್ದವೇ. ಇಂದು ಅದು ಅನುಕೂಲಸ್ಥರ ಪಾಲಾಗಿರುವುದು ನನಗೆ ನೋವಿನ ಸಂಗತಿ. ಆದರೆ ಅಷ್ಟು ದುಡ್ಡು ತೆಗೆದುಕೊಳ್ಳುವವರು ಗಿರಾಕಿಗೆ ಎರಡನ್ನಾದರೂ ಕೊಡಬೇಕು. ಒಂದು, ಮುಖ ಮಗುಚುವುದನ್ನು ನೋಡುವ ಅವಕಾಶ: ಡೆವಲಪ್ ಆದ ಮೇಲೆ ಫಿಕ್ಸ್ ಮಾಡಲು ಕತ್ತಲು ಬೇಕಿಲ್ಲ, ಅದನ್ನು ಕೂತವರ ಮುಂದೆಯೇ ಮಾಡಬಹುದು. ಇನ್ನೊಂದು, ತಗಡನ್ನೇ ಕೊಡಬೇಕು. ಅದನ್ನು ಇಟ್ಟುಕೊಂಡು ಸ್ಕ್ಯಾನ್ ಕಳಿಸಿದರೆ ಅವರು ಮಾರಿದ್ದು ಫಿಲ್ಟರ್ ಪುಕ್ಕಟೆ ಕೊಡುವುದನ್ನೇ.