ಶ್ರೀಮಂತ ಊರಿನಲ್ಲಿ ಬಡವನ ಬಾಳು
(ನಿಪ್ಪಾಣಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಸೀಮೆಯ ಯಾವ ಹಳ್ಳಿಗೆ ಹೋಗಿ ಕೇಳಿದರೂ, ‘ನಿಪ್ಪಾಣಿ ರೊಕ್ಕದ ಊರು’ ಎನ್ನುತ್ತಾರೆ. ಅದು ಸುಳ್ಳಲ್ಲ. ಒಂದು ಕಾಲಕ್ಕೆ ಇದು ನಿಂಬಾಳಕರ ದೇಸಾಯರ ಊರು. ಮುಂದೆ ತಂಬಾಕಿನ ಪೇಟೆಯಾಗಿ ಬೆಳೆಯಿತು. ಹಳೆಯ ವಾಡೆ ಉಂಟು, ತಂಬಾಕಿನ ವಖಾರಿಗಳುಂಟು, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ ಹೊಸ ಬಡಾವಣೆಗಳುಂಟು. ‘ಇಂಥ ಊರಿನಲ್ಲಿದ್ದೀರಿ, ನಿಮಗೇನು ಕಡಿಮೆ?’ ಎಂದು ಹಳ್ಳಿಯ ಬೀಗರು ನಮ್ಮನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಇಂದು ನಾವು ಸರಿಯಾಗಿ ಉತ್ತರ ಹೇಳಬೇಕಾಗಿದೆ.

ನನ್ನ ಉತ್ತರ ಇಷ್ಟೇ: ಶ್ರೀಮಂತ ಊರಿನಲ್ಲಿ ಬೆಲೆ ಪೇಟೆಯದು, ಪಗಾರ ಹಳ್ಳಿಯದು.

ಇದರ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿ ಒಂದು ಗುಂಟೆ ಜಾಗದ ಬೆಲೆಯನ್ನು ಯಾರು ಕಟ್ಟುತ್ತಾರೆ? ರೊಕ್ಕವಿದ್ದವರು ಎಷ್ಟು ಕೊಡಬಲ್ಲರೋ ಅದೇ ಬೆಲೆ. ಜಾಗದ ಹಿಂದೆ ಮನೆ ಬಾಡಿಗೆ ಏರುತ್ತದೆ, ಅಂಗಡಿಯ ಬಾಡಿಗೆ ಏರುತ್ತದೆ, ಕಡೆಗೆ ಚಹದ ಬೆಲೆಯೂ ಏರುತ್ತದೆ. ಆದರೆ ಕೂಲಿಯನ್ನು ಯಾರು ಕಟ್ಟುತ್ತಾರೆ? ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ಬರುವ ಹೆಣ್ಣುಮಗಳು ಎಷ್ಟು ಕಡಿಮೆಗೆ ಒಪ್ಪುತ್ತಾಳೋ ಅಷ್ಟು. ಅವಳದು ತಪ್ಪಲ್ಲ, ಅವಳ ಮನೆಯ ಅಡಚಣಿ ಹಾಗೆ ಒಪ್ಪಿಸುತ್ತದೆ. ಹೀಗೆ ಒಂದೇ ಊರಿನಲ್ಲಿ ಎರಡು ತಕ್ಕಡಿಗಳಿವೆ: ಕೊಳ್ಳುವಾಗ ಒಂದು, ದುಡಿಮೆ ಮಾರುವಾಗ ಇನ್ನೊಂದು.

ಊರಿನ ಸಂಪತ್ತು ಎಲ್ಲಿಂದ ಬಂತೆಂಬುದನ್ನೂ ನೋಡೋಣ. ರೈತ ತಂಬಾಕು ಬೆಳೆದ. ವಖಾರಿಯಲ್ಲಿ ಹೆಂಗಸರು ಘಾಟು ಕುಡಿದು, ಧೂಳು ನುಂಗಿ ಅದನ್ನು ಕುಟ್ಟಿ ಸೋಸಿದರು. ಮನೆಯ ಕಟ್ಟೆಯ ಮೇಲೆ ಕುಳಿತವಳು ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿದಳು. ಸಾವಿರದ ಲೆಕ್ಕದಲ್ಲಿ ಅವಳಿಗೆ ಕೂಲಿ. ಕಳಪೆಯೆಂದು ತೆಗೆದು ಹಾಕಿದ ಬೀಡಿಗೆ ಅದೂ ಇಲ್ಲ. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರಖಾನೆ ಹುಟ್ಟಿತು. ಕೃಷ್ಣೆಯ ದಂಡೆಯ ಹೊಲಗಳು ಕಬ್ಬಿನಿಂದ ಹಸಿರಾದವು. ಆದರೆ ಈ ಸಕ್ಕರೆ ಸೀಮೆಯಲ್ಲೂ ಕಬ್ಬು ಕಡಿಯುವ ಗ್ಯಾಂಗಿನವರ ಬಿಡಾರ ಇಂದಿಗೂ ಹೊಲದ ಬದಿಯ ಗುಡಿಸಲೇ.

ಜನ ಇದನ್ನು ಸುಮ್ಮನೆ ಸಹಿಸಿದರೆಂದಲ್ಲ. 1981ರಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆ ಕೇಳಿ ಇದೇ ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್‌ನಲ್ಲಿ ಗೋಲೀಬಾರಾಯಿತು, ರೈತರ ಪ್ರಾಣ ಹೋಯಿತು. ಅದೇ ಕಾಲದಲ್ಲಿ ತಂಬಾಕಿನ ಕೆಲಸದ ಹೆಂಗಸರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಒಂದಾದರು. ಅವರ ಹೋರಾಟವನ್ನು ಛಾಯಾ ದಾತಾರರು ಪುಸ್ತಕವಾಗಿ ಬರೆದು 1989ರಲ್ಲಿ ಲೋಕದ ಮುಂದಿಟ್ಟರು. ವಖಾರಿಯೊಳಗೆ ತಲೆ ಬಗ್ಗಿಸಿದ್ದವರು ಬೀದಿಗೆ ಬಂದು ಲೆಕ್ಕ ಕೇಳಿದರು. ಇದು ಈ ಊರಿನ ನಿಜವಾದ ಹಿರಿಮೆ.

1956ರ ನವೆಂಬರ್ 1ರಂದು ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಅಂದಿನಿಂದ ಊರು ಯಾವ ರಾಜ್ಯದ್ದೆಂದು ಎಷ್ಟೋ ಸಲ ಜಗಳಾಡಿದ್ದೇವೆ. ಊರು ಯಾರದ್ದೆಂದು ಕೇಳಿದ್ದು ಕಡಿಮೆ. ಕನ್ನಡದವಳು ಕಟ್ಟಿದ ಬೀಡಿಗೂ ಮರಾಠಿಯವಳು ಕಟ್ಟಿದ ಬೀಡಿಗೂ ಸಾಹುಕಾರನ ದರ ಒಂದೇ ಎಂಬುದನ್ನು ಮರೆಯಬೇಡಿರಿ.

ಅಂಗಡಿಕಾರ ಮಿತ್ರರಿಗೆ ಒಂದು ಮಾತು. ‘ಕೂಲಿ ಹೆಚ್ಚಾದರೆ ನಮಗೇನು ಲಾಭ?’ ಎಂದು ನೀವು ಕೇಳಬಹುದು. ನಿಮ್ಮ ಉದ್ರಿ ಪುಸ್ತಕ ತೆಗೆದು ನೋಡಿರಿ. ಅದರಲ್ಲಿ ಬಂಗಲೆಯವರ ಹೆಸರು ಎಷ್ಟಿವೆ? ಬಂಗಲೆಯವರು ಮೋಟಾರು ಹತ್ತಿ ಕೊಲ್ಹಾಪುರಕ್ಕೆ, ಬೆಳಗಾವಿಗೆ ಹೋಗಿ ಸಾಮಾನು ತರುತ್ತಾರೆ. ನಿಮ್ಮಲ್ಲಿಗೆ ಬರುವವಳು ಪಾವು ಕಿಲೋ ಎಣ್ಣೆ, ಅರ್ಧ ಕಿಲೋ ಸಕ್ಕರೆ ಒಯ್ಯುವವಳು. ಅವಳ ಕೈಯಲ್ಲಿ ರೊಕ್ಕವಿದ್ದರೆ ನಿಮ್ಮ ಗಲ್ಲೆ ತುಂಬುತ್ತದೆ. ಇಲ್ಲದಿದ್ದರೆ ನಿಮ್ಮ ಉದ್ರಿ ಬೆಳೆಯುತ್ತದೆ. ಏರುವ ಬಾಡಿಗೆಯೂ ನಿಮ್ಮಿಬ್ಬರಿಗೆ ಸಮಾನ ಶತ್ರು.

ಇನ್ನು ಸರಕಾರದ ಮಾತು. 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂತು. 1976ರಲ್ಲಿ ಬೀಡಿಯ ಮೇಲೆ ಸೆಸ್ಸು ಹಾಕಿ ಔಷಧೋಪಚಾರ, ಮನೆ, ಮಕ್ಕಳ ಓದಿಗೆಂದು ಕಲ್ಯಾಣ ನಿಧಿ ಮಾಡಿದರು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸು ಹೋಯಿತು. ನಿಧಿಯ ಸ್ವಂತ ಒರತೆಯೇ ಬತ್ತಿತು. ಅಂದಿನಿಂದ ಸರಕಾರ ಬಜೆಟ್ಟಿನಲ್ಲಿ ಕೊಟ್ಟಷ್ಟೇ ಗತಿ.

ತಂಬಾಕು ಮನುಷ್ಯನ ಎದೆಯನ್ನು ಸುಡುತ್ತದೆ. ಅದರ ಚಟ ಕಡಿಮೆಯಾಗುವುದೇ ಒಳ್ಳೆಯದು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬೀಡಿಯ ಕೆಲಸ ಇಳಿದಾಗ ಬಂಡವಾಳಗಾರ ತನ್ನ ರೊಕ್ಕವನ್ನು ಪ್ಲಾಟಿಗೆ, ಕಟ್ಟಡಕ್ಕೆ ಹಾಕಬಲ್ಲ. ಮೂವತ್ತು ವರ್ಷ ಕತ್ತರಿ ಹಿಡಿದ ಬೆರಳುಗಳಿಗೆ ಬೇರೆ ಕೆಲಸ ಕೊಡುವವರಾರು? ಇದಕ್ಕೆ ಉತ್ತರವನ್ನು ಇಂದೇ ಕೇಳಬೇಕು, ವಖಾರಿಗೆ ಬೀಗ ಬಿದ್ದ ಮೇಲೆ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ತುಟ್ಟಿಭತ್ತೆ ಪೇಟೆಯ ಬೆಲೆಯೊಡನೆ ಏರಬೇಕು; ಅದು ಪಟ್ಟಿಯಲ್ಲಿದ್ದರೆ ಸಾಲದು, ಕೈಗೆ ಬರಬೇಕು. ಹೊಸ ಬಡಾವಣೆಯಾದಲ್ಲೆಲ್ಲ ದುಡಿಯುವವರಿಗೂ ನಿವೇಶನ ಬೇಕು. ಬಂಗಲೆಯ ನಳಕ್ಕೆ ನೀರು ಬರುವ ಹೊತ್ತಿಗೆ ನಮ್ಮ ಓಣಿಯ ನಳಕ್ಕೂ ಬರಬೇಕು. ಬೀಡಿ ಬಿಡಬೇಕಾದವರಿಗೆ ಬೇರೆ ಉದ್ಯೋಗದ ತರಬೇತಿ, ತರಬೇತಿಯ ಕಾಲಕ್ಕೆ ಕೂಲಿ ಸಿಗಬೇಕು.

2017ರ ಬಜೆಟ್ಟಿನಲ್ಲಿ ನಿಪ್ಪಾಣಿ, ಕಾಗವಾಡಗಳನ್ನು ತಾಲೂಕುಗಳೆಂದು ಸಾರಿದರು. ಸಂತೋಷ. ಕಚೇರಿ ಹತ್ತಿರ ಬಂದಿದೆ, ಅರ್ಜಿ ಹಿಡಿದು ಹೋಗುವ ದಾರಿಯೂ ಹತ್ತಿರವಾಗಿದೆ. ಒಬ್ಬೊಬ್ಬರೇ ಹೋಗಬೇಡಿರಿ. ಬೀಡಿಯವರು, ಗಿರಣಿಯವರು, ಅಂಗಡಿಯವರು ಕೂಡಿಯೇ ಹೋಗೋಣ. ಬೀಗರು ಮುಂದಿನ ಸಲ ಬಂದು ‘ನಿಮಗೇನು ಕಡಿಮೆ?’ ಎಂದರೆ ಈ ಬೇಡಿಕೆಗಳ ಪಟ್ಟಿಯನ್ನು ಅವರಿಗೂ ಓದಿ ಹೇಳಿರಿ; ಅವರ ಹಳ್ಳಿಯ ಹೆಣ್ಣುಮಕ್ಕಳೂ ನಮ್ಮ ಜೊತೆಗೆ ಬರಬೇಕಾಗಿದೆ.