ಕಿವಿಯೊಳಗಿನ ಮಾತು ಮತ್ತು ಕೂತು ಕೇಳುವ ಬಳಗ



ಎದುರಿಗೆ ಯಾರೂ ಇಲ್ಲದಿದ್ದರೂ ಕೆಲವರಿಗೆ ಮಾತು ಕೇಳಿಸುತ್ತದೆ. ಒಮ್ಮೆ ಬೈಗುಳ, ಒಮ್ಮೆ ಅಪ್ಪಣೆ. ಸಕಲೇಶಪುರದ ಪೇಟೆಯಲ್ಲಾಗಲಿ, ಆಲೂರು ಕಡೆಯ ತೋಟದ ಲೈನುಗಳಲ್ಲಾಗಲಿ, ಇಂಥವರನ್ನು ಕಂಡರೆ ‘ಜಿನ್ನ್ ಹಿಡಿದಿದೆ’, ‘ಗಾಳಿ ಸೋಕಿದೆ’ ಎನ್ನುತ್ತೇವೆ. ಮನೆಯವರು ಮಗಳ ಮದುವೆ ನಿಂತೀತೆಂದು ವಿಷಯ ಮುಚ್ಚಿಡುತ್ತಾರೆ.

ಮುಚ್ಚಿಟ್ಟರೆ ಏನಾಗುತ್ತದೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದವರು ಓಡಲಾರದೆ 28 ಜನ ಸತ್ತರು. ಅವರನ್ನು ಮನೆಯವರು ದರ್ಗಾದ ಮೇಲಿನ ನಂಬಿಕೆಯಿಂದಲೇ ಆ ಊರಿಗೆ ಕರೆತಂದಿದ್ದರು. ದುಆ ಮಾಡುವುದು ತಪ್ಪಲ್ಲ, ಸರಪಳಿ ಹಾಕುವುದು ತಪ್ಪು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುಆ’ ಎಂಬ ಹೆಸರಿನಲ್ಲಿ ಮುಜಾವರರೇ ರೋಗಿಗಳನ್ನು ವೈದ್ಯರ ಬಳಿ ಕಳಿಸುವ ಏರ್ಪಾಡಾಯಿತು. ನಮ್ಮ ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಡಲು ಆರಂಭಿಸಿದರು.

ಔಷಧಿಯ ಜೊತೆಗೆ ಬೇಕಾದದ್ದು ಇನ್ನೊಂದಿದೆ. 1987ರಲ್ಲಿ ನೆದರ್ಲೆಂಡ್ಸ್‌ನ ಮನೋವೈದ್ಯ ಮಾರಿಯಸ್ ರೋಮ್ ಮತ್ತು ದನಿ ಕೇಳಿಸುತ್ತಿದ್ದ ಪ್ಯಾಟ್ಸಿ ಹೇಗ್ ಟೀವಿಯಲ್ಲಿ ಈ ಬಗ್ಗೆ ಮಾತಾಡಿದರು. ನೂರಾರು ಜನ ಫೋನ್ ಮಾಡಿ ‘ನಮಗೂ ಕೇಳಿಸುತ್ತದೆ’ ಎಂದರು. ಅವರನ್ನು ಒಂದೆಡೆ ಸೇರಿಸಿದ್ದರಿಂದ ಬೆಳೆದ ಬಳಗಗಳು ಇಂದು ಹಲವು ದೇಶಗಳಲ್ಲಿವೆ.

ಅಲ್ಲಿ ಉಪದೇಶವಿಲ್ಲ. ದನಿ ಯಾವಾಗ ಬರುತ್ತದೆ, ಏನು ಹೇಳುತ್ತದೆ, ನೀವೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಬಸ್ಸಿನಲ್ಲಿ ದನಿಗೆ ಉತ್ತರ ಕೊಡಬೇಕೆನಿಸಿದರೆ ಮೊಬೈಲನ್ನು ಕಿವಿಗಿಟ್ಟು ಮಾತಾಡುತ್ತೇನೆ ಎಂದು ಒಬ್ಬರು, ‘ಸಂಜೆ ಬಾ’ ಎಂದು ದನಿಗೇ ಸಮಯ ಕೊಡುತ್ತೇನೆ ಎಂದು ಇನ್ನೊಬ್ಬರು ಉಪಾಯ ಹೇಳಿಕೊಡುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಬಳಗ ಸೇರಿದೆನೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ‘ಸಾಯಿ’ ಅಥವಾ ‘ಹೊಡೆ’ ಎಂದು ದನಿ ಹೇಳತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ ನಂಬರು 14416, ಕರೆ ಉಚಿತ.

ಮಳೆಗಾಲದಲ್ಲಿ ಇಲ್ಲಿಂದ ಹಾಸನಕ್ಕೆ ಹೋಗಿಬರುವುದೇ ಒಂದು ದಿನದ ಕೂಲಿ. ಆದ್ದರಿಂದ ತಿಂಗಳಿಗೊಂದು ಭಾನುವಾರ ನಮ್ಮ ಸಂಘದ ಒಂದು ಕೋಣೆಯನ್ನು, ಜಾತಿ ಧರ್ಮ ಕೇಳದೆ, ಇಂಥವರಿಗೂ ಅವರ ಮನೆಯವರಿಗೂ ಬಿಟ್ಟುಕೊಡೋಣ. ವಿದ್ಯಾರ್ಥಿಗಳೇ, ನಿಮ್ಮ ಹಾಸ್ಟೆಲಿನಲ್ಲಿ ಒಬ್ಬರು ‘ನನಗೇನೋ ಕೇಳಿಸುತ್ತದೆ’ ಎಂದರೆ ನಗಬೇಡಿ. ಪಕ್ಕದಲ್ಲಿ ಕೂತು ‘ಏನು ಕೇಳಿಸುತ್ತದೆ?’ ಎಂದು ವಿಚಾರಿಸಿ.